ನೀಲಿ ಬಳಿದ ರಟ್ಟು

“ಆ ಬಿಳಿ ಹಾಳೆ ಪಕ್ಕಕ್ಕಿಡು. ನಮ್ಮ ರಟ್ಟು ತಗೋ,” ಎಂದರು ಮಾವ, ಕುರ್ಚಿಯಿಂದ ಏಳದೆ.

ಸೊಸೆ ಕೇಳಿಸದವಳ ಹಾಗೆ ಕ್ಯಾಮೆರಾದ ಹಿಂದೆ ಬಗ್ಗಿದಳು. ಸ್ಟುಡಿಯೋದ ನಡುವೆ ಎತ್ತರದ ಸ್ಟೂಲಿನ ಮೇಲೆ ಅವಳ ಮಗಳು ಗುಬ್ಬಿ ಹೊಸ ನೀಲಿ ಫ್ರಾಕು ತೊಟ್ಟು, ಕಾಲಾಡಿಸುತ್ತ ಕೂತಿದ್ದಳು. ಅಮ್ಮ ಕೊಟ್ಟ ಬಿಳಿ ಹಾಳೆಯನ್ನು ಗಲ್ಲದ ಕೆಳಗೆ ಹಿಡಿದಿದ್ದಳು. ಎರಡು ಪಕ್ಕದ ದೀಪಗಳೂ ಉರಿಯುತ್ತಿದ್ದವು. ಬಾಗಿಲ ಬಳಿಯ ಬೆಂಚಿನಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದ ಬಸ್ ಕಂಡಕ್ಟರೊಬ್ಬರು ಸರದಿ ಕಾಯುತ್ತ, ಬಿಟ್ಟಿ ಸಿನಿಮಾಕ್ಕೆ ಬಂದವರ ಹಾಗೆ ಒಳಗಿನದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದರು.

ಫೋಟೋ ಬೀದಿ ಕಡೆಯ ಷೋಕೇಸಿಗೆ. ಅಲ್ಲಿ ಎಷ್ಟೋ ವರ್ಷದಿಂದ ಯಾರದೋ ಮಗು ನಗುತ್ತ ಕೂತಿತ್ತು. ಬಿಸಿಲು ತಿಂದು ತಿಂದು ಅದರ ಮುಖದಲ್ಲಿ ಬಣ್ಣವೆಂಬುದೇ ಉಳಿದಿರಲಿಲ್ಲ. ಇನ್ನು ಆ ಜಾಗದಲ್ಲಿ ನನ್ನ ಮೊಮ್ಮಗಳೇ ಕೂರಬೇಕು ಎಂದು ಮಾವ ಸಾರಿಬಿಟ್ಟಿದ್ದರು. ಫ್ರಾಕನ್ನೂ ಅವರೇ ಅಂಗಡಿ ಅಂಗಡಿ ಅಲೆದು ತಂದಿದ್ದರು. ಗುಬ್ಬಿ ಎಂದರೆ ಅವರಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ.

ಈ ರಟ್ಟಿನ ಮಹಿಮೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕ್ಯಾಮೆರಾ ಎಷ್ಟೇ ದುಬಾರಿಯದಾದರೂ ಬಿಳಿ ಯಾವುದು ಎಂಬುದರಲ್ಲಿ ಅದಕ್ಕೆ ಸದಾ ಗೊಂದಲ. ಬಲ್ಬಿನ ಬೆಳಕು ಹಳದಿ, ನೆರಳಿನ ಬೆಳಕು ನೀಲಿ. ನಮ್ಮ ಕಣ್ಣು ಅದನ್ನೆಲ್ಲ ತಾನೇ ಸರಿದೂಗಿಸಿಕೊಂಡು ಹಾಲನ್ನು ಹಾಲಿನ ಬಣ್ಣದಲ್ಲೇ ಕಾಣುತ್ತದೆ. ಕ್ಯಾಮೆರಾಕ್ಕಾದರೆ ಆಯಾ ಬೆಳಕಿನಲ್ಲಿ ಒಂದು ಬಿಳಿ ಹಾಳೆ ತೋರಿಸಿ, ಇದು ಬಿಳಿ, ನೆನಪಿಟ್ಟುಕೋ ಎಂದು ಹೇಳಿಕೊಡಬೇಕು. ಅಲ್ಲಿಂದಾಚೆಗೆ ಉಳಿದ ಬಣ್ಣಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ವೈಟ್ ಬ್ಯಾಲೆನ್ಸ್ ಎಂದರೆ ಇಷ್ಟೇ. ಮಾವ ಇದನ್ನು ಕಲಿತವರೇ ಕ್ಯಾಮೆರಾಕ್ಕೆ ಸುಳ್ಳು ಹೇಳುವುದನ್ನೂ ಕಲಿತುಕೊಂಡರು. ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕದಡಿ ಬಿಳಿ ರಟ್ಟೊಂದಕ್ಕೆ ತೆಳ್ಳಗೆ ಬಳಿದು ಒಣಗಿಸಿದರು. ಆ ತಿಳಿನೀಲಿಯನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾ, ನೀಲಿಯನ್ನು ಕಳೆಯಲು ಹೋಗಿ ಎದುರಿಗೆ ಕೂತವರ ಮೇಲೆಲ್ಲ ಹಳದಿ ಸುರಿಯುತ್ತದೆ. ಜೊತೆಗೆ ಬೆಳಕು ತುಸು ಹೆಚ್ಚು ಬಿಟ್ಟರೆ ಮುಗಿಯಿತು, ಎಂಥ ಕಪ್ಪು ಮುಖವೂ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಆ ಸ್ಟುಡಿಯೋ ಹೆಸರು ಮಾಡಿದ್ದೇ ಈ ಜೇನಿನ ಬಣ್ಣದಿಂದ. ಬಿಳಿ ಅಂಗಿ ಬೆಣ್ಣೆಯ ಬಣ್ಣಕ್ಕೆ ಬರುತ್ತಿತ್ತು, ನೀಲಿ ಬಟ್ಟೆ ಬೂದಿಯಂತೆ ಕಾಣುತ್ತಿತ್ತು. ಆದರೆ ತನ್ನ ಮುಖ ಬೆಳಗಿರುವಾಗ ಅಂಗಿಯ ಗೊಡವೆ ಯಾರಿಗೆ ಬೇಕು? ಸೊಸೆಯೂ ಇಷ್ಟು ವರ್ಷ ತುಟಿ ಪಿಟಿಕ್ಕೆನ್ನದೆ ಅದೇ ರಟ್ಟು ಹಿಡಿದು ದುಡಿದವಳೇ. ಅವಳ ಮದುವೆಯ ಫೋಟೋ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅವಳ ಗಂಡನ ಪಕ್ಕ ನಿಂತಿರುವ ಜೇನು ಬಣ್ಣದ ಹೆಂಗಸು ಯಾರೆಂದು ಅವಳಿಗೇ ಗುರುತು ಸಿಗುವುದಿಲ್ಲ. ಅವಳದು ಒಳ್ಳೆ ಕಪ್ಪು. ಗುಬ್ಬಿಯದೂ ಅದೇ.

ಹಾಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಕಳೆದ ವಾರದ ಸಂಗತಿ ನಡೆಯದಿದ್ದರೆ. ಸ್ಕೂಲಿಗೆ ಹೊರಡಿಸಲು ಹೋದರೆ ಗುಬ್ಬಿ ಕನ್ನಡಿಯ ಮುಂದೆ ನಿಂತಿದ್ದಳು. ಮುಖದ ತುಂಬ ಪೌಡರು. ಕೈಯಲ್ಲಿ ಅಜ್ಜ ತೆಗೆದ ಹುಟ್ಟುಹಬ್ಬದ ಫೋಟೋ. ಫೋಟೋ ನೋಡುವಳು, ಕನ್ನಡಿ ನೋಡುವಳು, ಮತ್ತೆ ಫೋಟೋ ನೋಡುವಳು. ಕೊನೆಗೆ, “ಅಮ್ಮ, ಈ ಕನ್ನಡಿ ಕೆಟ್ಟೋಗಿದೆ. ಬೇರೆ ತಗೊಂಬಾ,” ಎಂದಳು. ತಮಾಷೆಗೆ ಹೇಳಿದ ಮಾತಲ್ಲ ಅದು. ಚಪ್ಪಲಿ ಹರಿದರೆ ಬೇರೆ ಕೇಳುವ ಹಾಗೆ ಕೇಳಿದ್ದಳು. ತಾಯಿ ಮಗುವಿನ ಮುಖ ತೊಳೆದು ಕಳಿಸಿಕೊಟ್ಟು, ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಳು. ಅತ್ತು ಮುಗಿದ ಮೇಲೆ, ನನ್ನ ಮಗಳಿಗೆ ಆ ರಟ್ಟನ್ನು ಮತ್ತೆ ಹಿಡಿಯುವುದಿಲ್ಲ, ಏನಾದರೂ ಆಗಲಿ ಎಂದುಕೊಂಡಳು.

ಈಗ ನೋಡಿದರೆ ಎದುರು ಬಿದ್ದವಳು ಮಗಳೇ.

“ಅಮ್ಮ, ನಂಗೆ ಅಜ್ಜನ ರಟ್ಟೇ ಬೇಕು,” ಎಂದಳು ಗುಬ್ಬಿ, ಹಾಳೆಯನ್ನು ಕೆಳಗಿಳಿಸಿ. “ಹುಟ್ಟುಹಬ್ಬದ ಥರ ಬರ್ಬೇಕು.”

“ಆಗಲ್ಲ.”

“ಯಾಕೆ?”

“ನೀನು ಹೇಗಿದೀಯೋ ಹಾಗೆ ತೆಗೀತೀನಿ. ಹಾಳೆ ಮೇಲೆತ್ತು.”

ಗುಬ್ಬಿ ಹಾಳೆ ಎತ್ತಿದಳು, ಆದರೆ ಮುಖ ಊದಿಸಿಕೊಂಡಳು. ಕ್ಯಾಮೆರಾ ಹಾಳೆಯ ಬಿಳಿಯನ್ನು ಓದಿಕೊಂಡಿತು. ಹಾಳೆ ಪಕ್ಕಕ್ಕೆ ಹೋಯಿತು. ನಗು ಎಂದು ಅಜ್ಜ ಗೋಗರೆದರು, ಚಾಕೊಲೇಟ್ ಕೊಡಿಸುತ್ತೇನೆಂದರು, ಕಂಡಕ್ಟರು ಟಿಕೆಟ್ ಹರಿಯುವ ಸನ್ನೆ ಮಾಡಿ ತೋರಿಸಿದರು. ಜಪ್ಪಯ್ಯ ಎಂದರೂ ಹುಡುಗಿಯ ತುಟಿ ಅಲುಗಲಿಲ್ಲ. ಹುಬ್ಬು ಗಂಟುಹಾಕಿ, ಕೆಳತುಟಿ ಮುಂದೆ ಮಾಡಿ, ಲೆನ್ಸನ್ನು ನುಂಗಿಬಿಡುವವಳ ಹಾಗೆ ದುರುಗುಟ್ಟಿದಳು. ತಾಯಿ ಅದನ್ನೇ ಕ್ಲಿಕ್ಕಿಸಿದಳು.

ಗೋಡೆಯ ಟಿವಿಯಲ್ಲಿ ಫೋಟೋ ಮೂಡಿತು. ಫ್ರಾಕಿನ ನೀಲಿ ನೀಲಿಯೇ. ಹಿಂದಿನ ಪರದೆ ಬಿಳಿ ಎಂದರೆ ಬಿಳಿ. ನಡುವೆ ಗುಬ್ಬಿಯ ಮುಖ, ಕಪ್ಪಗೆ, ಹಣೆಯ ಮೇಲೆ ಬೆಳಕು ಬಿದ್ದು ಮಿರಮಿರನೆ.

“ಬಣ್ಣ ತಪ್ಪಾಗಿದೆ,” ಎಂದರು ಮಾವ.

ಬಣ್ಣ ಸರಿಯಾಗಿದೆ, ಬೇಕಾದರೆ ಮಗುವನ್ನು ಟಿವಿಯ ಪಕ್ಕ ನಿಲ್ಲಿಸಿ ನೋಡಿ ಎಂದಳು ಸೊಸೆ. ಮಾವನಿಗೆ ಸಿಟ್ಟು ನೆತ್ತಿಗೇರಿತು. ಈ ಕಸುಬಿನಲ್ಲಿ ತನ್ನ ಕೂದಲು ಹಣ್ಣಾಗಿದೆ, ನಿನ್ನೆ ಮೊನ್ನೆ ಕ್ಯಾಮೆರಾ ಮುಟ್ಟಿದವಳು ತನಗೆ ಬಣ್ಣ ಹೇಳಿಕೊಡುವಂತಾಯಿತೇ ಎಂದು ಹಾರಾಡಿದರು. ಆಮೇಲೆ ದನಿ ತಗ್ಗಿಸಿ, ತಿಳಿಹೇಳುವವರ ಹಾಗೆ ಹೇಳಿದರು:

“ನೋಡು, ಜನ ನಮ್ಮ ಹತ್ರ ಬರೋದು ತಾವು ಹೇಗಿದೀವಿ ಅಂತ ತಿಳ್ಕೊಳ್ಳೋಕಲ್ಲ. ಅದಕ್ಕೆ ಮನೇಲಿ ಕನ್ನಡಿ ಇರುತ್ತೆ.”

“ನಮ್ಮನೆ ಕನ್ನಡಿ ಕೆಟ್ಟೋಗಿದೆಯಂತೆ ಮಾವ. ನಿಮ್ಮ ಮೊಮ್ಮಗಳು ಹೇಳಿದ್ಲು.”

ಎಲ್ಲರೆದುರಿಗೆ ಅದನ್ನೆಲ್ಲ ಹೇಳಿದಳು, ಪೌಡರು, ಫೋಟೋ, ಮಗು ಬೇರೆ ಕನ್ನಡಿ ಕೇಳಿದ್ದು. ಒಂದನ್ನೂ ಬಿಡಲಿಲ್ಲ. ಮಾವ ಕ್ಷಣಕಾಲ ಗುಬ್ಬಿಯನ್ನೇ ನೋಡಿದರು. ಮುಖ ಪೆಚ್ಚಾಯಿತು. ಆದರೆ ಅವರು ಸೋಲೊಪ್ಪುವ ಜಾತಿಯವರಲ್ಲ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಾರದೋ ಮೊಡವೆ ಅಳಿಸುತ್ತಿದ್ದ ಮಗನ ಕಡೆ ತಿರುಗಿ, ಈ ಫೋಟೋವನ್ನು ಅಲ್ಲೇ ಸರಿಮಾಡು, ಒಂಚೂರು ಹಳದಿ ಕಡೆ ತಳ್ಳು ಎಂದರು.

ಗಂಡ ಒಳ್ಳೆಯವನೇ. ಅಪ್ಪ ಕರೆದರೆ ಅಪ್ಪನ ಕಡೆ, ಹೆಂಡತಿ ಕರೆದರೆ ಹೆಂಡತಿಯ ಕಡೆ ತಿರುಗುವ ಟೇಬಲ್ ಫ್ಯಾನಿನಂಥವನು. ಫೋಟೋ ತೆರೆದು ಮೌಸು ಹಿಡಿದ. ಪರದೆಯ ಮೇಲೆ ಗುಬ್ಬಿಯ ಕೆನ್ನೆ ನಿಧಾನವಾಗಿ ಹಳದಿಗೆ ತಿರುಗತೊಡಗಿತು. ಫ್ರಾಕು ಮಂಕಾಯಿತು.

ಸೊಸೆ ಗುಬ್ಬಿಯನ್ನು ಸ್ಟೂಲಿನಿಂದ ಇಳಿಸಿ, ತಾನು ಹತ್ತಿ ಕೂತಳು. ದೀಪಗಳ ಬೆಳಕು ಅವಳ ಮುಖಕ್ಕೆ ನೇರವಾಗಿ ಬಿತ್ತು.

“ಏನ್ರೀ, ಇಲ್ಲಿ ನೋಡಿ. ಅವಳದು ನನ್ನ ಬಣ್ಣ. ಅದು ತಪ್ಪು ಅಂತಾದ್ರೆ ಮೊದ್ಲು ನನ್ನ ತಿದ್ದಿ. ನಾನು ಇಲ್ಲೇ ಕೂತಿರ್ತೀನಿ. ನನ್ನ ಮುಖ ನೋಡ್ತಾ ನೋಡ್ತಾ ತಳ್ಳಿ. ಎಲ್ಲಿಗೆ ಬಂದ್ರೆ ಸಾಕು ಅನ್ಸುತ್ತೋ, ಅಲ್ಲಿ ಬಾಯಿಬಿಟ್ಟು ಹೇಳಿ.”

ಗಂಡ ತಿರುಗಿ ನೋಡಿದ. ದಿನಾ ನೋಡುವ ಮುಖವೇ. ಬೆವರಿತ್ತು, ಕೂದಲು ಕೆದರಿತ್ತು, ಅವನ ಕಣ್ಣಿನಿಂದ ಕಣ್ಣು ಕೀಳದೆ ನೋಡುತ್ತಿತ್ತು. ಅವನ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು.

“ನನ್ ಕೈಲಾಗಲ್ಲಪ್ಪ,” ಎಂದ ಗಂಡ. ತಳ್ಳಿದ್ದನ್ನೆಲ್ಲ ಹಿಂದಕ್ಕೆ ತಂದು, ಎದ್ದು ನೀರು ಕುಡಿಯಲು ಹೋದ.

ಮಾವ ಚಪ್ಪಲಿ ಮೆಟ್ಟಿಕೊಂಡು ಯಾರಿಗೂ ಹೇಳದೆ ಬೀದಿಗಿಳಿದರು. ಅವರ ಬೆನ್ನು ನೋಡಿ ಸೊಸೆಗೆ ಪಾಪ ಅನಿಸಿತು, ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಕಂಡಕ್ಟರು ಎದ್ದು ಬಂದು ಸ್ಟೂಲಿನ ಮೇಲೆ ಕೂತರು. ಕಾಲರು ಸರಿಮಾಡಿಕೊಂಡರು. ಸ್ವಲ್ಪ ಹೊತ್ತು ಹಿಂದುಮುಂದು ನೋಡಿ, ನೀವು ಹೇಳಿದ್ದೆಲ್ಲ ನೂರಕ್ಕೆ ನೂರು ನಿಜ ಅಮ್ಮ ಎಂದು ಹೊಗಳಿ, ಆಮೇಲೆ ಮೆಲ್ಲಗೆ, “ನಂಗೆ ಮಾತ್ರ ಆ ಹಳೇ ಬಣ್ಣಾನೇ ಹಾಕ್ಬಿಡಿ,” ಎಂದರು.

ಬೆಳಗಿನಿಂದ ಮೊದಲ ಸಲ ಅವಳಿಗೆ ನಗು ಬಂತು. ನೀಲಿ ರಟ್ಟನ್ನು ತೆಗೆದು ಅವರ ಕೈಗೆ ಕೊಟ್ಟಳು.

“ಹಿಡ್ಕೊಳ್ಳಿ. ಕೇಳಿಕೊಂಡು ಬಂದ ದೊಡ್ಡವರಿಗೆ ಹಾಕ್ತೀನಿ. ಮಕ್ಕಳು ಕೇಳಿದ್ರೂ ಹಾಕಲ್ಲ.”

ಸಂಜೆಯೊಳಗೆ ಫೋಟೋ ದೊಡ್ಡದಾಗಿ ಪ್ರಿಂಟಾಯಿತು. ನಗುವ ಫೋಟೋ ಇನ್ನೊಂದು ತೆಗೆದುಬಿಡೋಣ, ಅದೇ ಬಣ್ಣದಲ್ಲೇ, ಎಂದು ಗಂಡ ರಾಜಿ ಮಾಡಿಸಲು ನೋಡಿದ. ಬೇಡ ಎಂದಳು. ಷೋಕೇಸಿನ ಗಾಜು ಸರಿಸಿ, ಹಳೆಯ ಮಗುವನ್ನು ಜೋಪಾನವಾಗಿ ತೆಗೆದು ಒಳಗಿಟ್ಟು, ಫ್ರೇಮನ್ನು ತಾನೇ ಮೊಳೆಗೆ ಸಿಕ್ಕಿಸಿದಳು. ಅಲ್ಲಿ ಉರಿಯುತ್ತಿದ್ದ ಹಳದಿ ಬಲ್ಬು ಫೋಟೋವನ್ನು ಮತ್ತೆ ಜೇನಾಗಿಸುತ್ತಿತ್ತು. ಅದನ್ನೂ ಬಿಚ್ಚಿ, ಬಿಳಿ ಬೆಳಕಿನ ಬಲ್ಬು ಹಾಕಿದಳು.

ಅಷ್ಟರಲ್ಲಿ ಮಾವ ಬಂದರು. ಒಳಗೆ ಹೋಗದೆ ಬೀದಿಯಲ್ಲೇ ನಿಂತು, ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಹೀಗೆ ಮುಖ ಗಂಟುಹಾಕ್ಕೊಂಡಿರೋದನ್ನ ಯಾವ ಸ್ಟುಡಿಯೋದವರಾದ್ರೂ ಹಾಕ್ತಾರಾ? ಗಿರಾಕಿ ಹೆದರ್ಕೊಂಡು ಓಡ್ತಾರೆ.”

“ಓಡ್ಲಿ ಮಾವ. ಅವಳಿಗೆ ಸಿಟ್ಟು ಬಂದಿತ್ತು, ಬಂದಿದ್ದು ಕಾಣ್ಸುತ್ತೆ.”

ಗುಬ್ಬಿ ಒಳಗಿನಿಂದ ಓಡಿಬಂದು ಇಬ್ಬರ ನಡುವೆ ನುಸುಳಿ, ಗಾಜಿಗೆ ಮೂಗೊತ್ತಿ ನಿಂತಳು. ಮಧ್ಯಾಹ್ನದ ಮುನಿಸು ಅವಳಿಗಿನ್ನೂ ಇಳಿದಿರಲಿಲ್ಲ. ಫೋಟೋದೊಳಗಿನ ಹುಡುಗಿ ಹುಬ್ಬು ಗಂಟುಹಾಕಿ ಅವಳನ್ನೇ ನೋಡುತ್ತಿದ್ದಳು. ಗುಬ್ಬಿಯೂ ಹುಬ್ಬು ಗಂಟುಹಾಕಿದಳು, ಕೆಳತುಟಿ ಮುಂದೆ ಮಾಡಿದಳು. ಅವಳ ಉಸಿರಿಗೆ ಗಾಜು ಮಸುಕಾಯಿತು. ಅಂಗೈಯಿಂದ ಒರೆಸಿ ಮತ್ತೆ ದುರುಗುಟ್ಟಿದಳು. ಬೀದಿಯಲ್ಲಿ ಜನ ಅವರನ್ನು ಸುತ್ತಿಕೊಂಡು ಹೋಗುತ್ತಿದ್ದರು. ಗಾಜಿನ ಆಚೆಗೊಬ್ಬಳು ಈಚೆಗೊಬ್ಬಳು, ಇಬ್ಬರಲ್ಲಿ ಯಾರೂ ಮೊದಲು ಕಣ್ಣು ತೆಗೆಯಲಿಲ್ಲ.