ಸಂತರ ಗೂಡಿನಲ್ಲಿ ಜೇಡ

ನನ್ನ ಗಂಡ ರುತೀಲಿಯೊ ಓಹಾಕಾ ಊರಿನಲ್ಲಿ ಸಂತರ ಮೂರ್ತಿಗಳಿಗೆ ಗಾಜಿನ ಗೂಡು ಮಾಡುವವನು. ನಾನು ಸಾಕಿದ ದೈತ್ಯ ಜೇಡ ಚೋಲೆಗೂ ಅಂಥದ್ದನ್ನೇ ಮಾಡಿಕೊಟ್ಟ: ಸೊಂಟದೆತ್ತರದ ಗಾಜು, ತಳದಲ್ಲಿ ಒಂದಿಷ್ಟು ಮಣ್ಣು, ಮೇಲೆ ತಂತಿಬಲೆಯ ಮುಚ್ಚಳ.

"ಇವಳು ಬಿಲದಲ್ಲಿ ಬಾಳೋಳು. ಇಷ್ಟೆತ್ತರದಿಂದ ಬಿದ್ರೆ ಹೊಟ್ಟೆ ಒಡೆದು ಸಾಯ್ತಾಳೆ," ಎಂದೆ.

"ನನ್ನ ಗೂಡಿಂದ ಇವತ್ತಿನವರೆಗೆ ಒಬ್ಬ ಸಂತನೂ ಬಿದ್ದಿಲ್ಲ ಕಣೆ."

"ಸಂತರು ಗೋಡೆ ಹತ್ತಲ್ಲ."

ಮಧ್ಯಾಹ್ನ ಟೊರ್ಟಿಯಾ ರೊಟ್ಟಿ ಸುಟ್ಟು ಬಂದು ನೋಡಿದರೆ ಚೋಲೆ ಮುಚ್ಚಳದಿಂದ ನೇತಾಡುತ್ತಿದ್ದಳು. ಒಂದು ಕಾಲಿನ ಉಗುರು ತಂತಿಬಲೆಗೆ ಸಿಕ್ಕಿಕೊಂಡಿತ್ತು. ಉಳಿದ ಕಾಲುಗಳು ಗಾಳಿಯಲ್ಲಿ ತಡಕಾಡುತ್ತಿದ್ದವು. ರುತೀಲಿಯೊ ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಟಬೇಡ, ಅಲ್ಲಾಡಿದ್ರೆ ಬೀಳ್ತಾಳೆ," ಎಂದು ಗೂಡಿನ ಮುಂದಿನ ಗಾಜಿನ ಬಾಗಿಲು ತೆಗೆದು, ಅವನು ಹಬ್ಬಕ್ಕೆ ಮೂರ್ತಿಗಳಿಗೆಂದು ಇಟ್ಟಿದ್ದ ಮಖಮಲ್ ನಿಲುವಂಗಿಗಳನ್ನು ಒಂದೊಂದಾಗಿ ಒಳಗೆ ಪೇರಿಸತೊಡಗಿದೆ.

"ಅದು ಕನ್ಯಾಮಾತೆಯದ್ದು," ಎಂದ ಮೆಲ್ಲಗೆ.

"ಅವಳೂ ತಾಯಿ. ಬೇಜಾರು ಮಾಡ್ಕೊಳಲ್ಲ. ಇನ್ನೊಂದು ಕೊಡು."

ಕೊನೆಯ ನಿಲುವಂಗಿ ಚೋಲೆಯ ಕಾಲಿಗೆ ತಾಗಿತು. ಅವಳು ಒಂದು ಕಾಲೂರಿದಳು, ಮತ್ತೊಂದು ಊರಿದಳು. ಭಾರ ಇಳಿದದ್ದೇ ಉಗುರು ತಾನಾಗಿ ಬಿಟ್ಟುಕೊಂಡಿತು. ಮಖಮಲ್ಲಿನ ಮೇಲೆ ಮುದುರಿ ಕುಳಿತಳು.

ರುತೀಲಿಯೊ ಗಾಜು ಕೊಯ್ಯುವ ಕಟರ್ ಎತ್ತಿಕೊಂಡ.

"ಗೂಡು ಎಷ್ಟೆತ್ತರ ಮಾಡ್ಲಿ?"

"ಬಿದ್ರೂ ಬದುಕೋವಷ್ಟು."