ಪ್ರಮೀಳಾ ಕೊರೆದ ಚೌಕ

ನಾನು ಒಂದು ಹಸಿರು ಸ್ಟೆನ್ಸಿಲ್. ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿದಾಗ ಹುಟ್ಟಿದವನು. ಮೈತುಂಬ ತೂತುಗಳು: ತ್ರಿಕೋನ, ಅರ್ಧಚಂದ್ರ, ಪುಟ್ಟ ಸೊನ್ನೆ. ಅವುಗಳೊಳಗೆ ಪೆನ್ಸಿಲ್ ಆಡಿಸಿದರೆ ಸರ್ಕ್ಯೂಟ್ ನಕ್ಷೆ ತಯಾರು. ನಾನಿಲ್ಲದೆ ಯಂತ್ರಗಳೇ ಇಲ್ಲವೆಂದು ಬೀಗುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಹಾಲಿನ ಡೇರಿಗಳಿಗೆ ಯಂತ್ರ ಮಾಡುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿ ನಕ್ಷೆ ಬರೆಯುವ ಪ್ರಮೀಳಾ ನನ್ನ ಒಡತಿಯಾದಳು. ಅವಳ ನಕ್ಷೆ ನೋಡಿಕೊಂಡು ಪಕ್ಕದ ಕೋಣೆಯಲ್ಲಿ ಕಸ್ತೂರಿ ತಂತಿ ಬೆಸೆಯುತ್ತಿದ್ದಳು. ಹೊಸ ಹುಡುಗಿ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತಂಗಿಯರ ಓದು ಅವಳ ದುಡಿಮೆಯ ಮೇಲೆಯೇ ನಿಂತಿತ್ತು.

ನಕ್ಷೆ ಬರೆಯುವವರದೊಂದು ಸೋಮಾರಿ ರೂಢಿಯಿತ್ತು. ಐಸಿ ಎಂಬ ಪುಟ್ಟ ಕರಿ ಚಿಪ್ಪೊಂದರ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿರುತ್ತವೆ, ನಕ್ಷೆಯಲ್ಲಿ ಒಂದೊಂದೂ ಒಂದು ತ್ರಿಕೋನ. ಒಂದನ್ನು ಹಾಳೆಯ ಈ ತುದಿಗೆ, ಇನ್ನೊಂದನ್ನು ಆ ತುದಿಗೆ, ಬೇಕಾದ ಕಡೆ ಬಿಡಿಸುತ್ತಾರೆ. ನಾಲ್ಕಕ್ಕೂ ಕರೆಂಟು ಕೊಡುವ ಎರಡು ಕಾಲುಗಳು ಮಾತ್ರ ಯಾರ ಪಾಲಿಗೂ ಸೇರದವು. ಹೇಗೂ ಎರಡು ಮೂಲೆಗಳಲ್ಲಿರುತ್ತವೆ, ಎಲ್ಲರಿಗೂ ಗೊತ್ತು ಎಂದು ಅವನ್ನು ಬಿಡಿಸುತ್ತಲೇ ಇರಲಿಲ್ಲ. ನನ್ನ ಮೈಯಲ್ಲೂ ಅವಕ್ಕೊಂದು ತೂತಿರಲಿಲ್ಲ.

ಒಮ್ಮೆ ಬೇರೆ ಬಗೆಯ ಐಸಿ ಬಂತು. ಅದರ ಕರೆಂಟಿನ ಕಾಲುಗಳು ನಟ್ಟನಡುವೆ ಇದ್ದವು. ಪ್ರಮೀಳಾ ಅದನ್ನು ಓದಿಕೊಂಡಿದ್ದಳು. ಆದರೂ ನನ್ನಿಂದ ನಾಲ್ಕು ತ್ರಿಕೋನ ಎಳೆದು, ಆ ಕಾಲುಗಳನ್ನು ಬಿಡಿಸದೆಯೇ ಹಾಳೆ ಮಡಚಿ ಕಳಿಸಿದಳು. ಕಸ್ತೂರಿ ಎಂದಿನಂತೆ ಮೂಲೆಯ ಕಾಲುಗಳಿಗೇ ತಂತಿ ಕೊಟ್ಟಳು. ಡೇರಿಯವರ ಎದುರಿನಲ್ಲೇ ಯಂತ್ರ ಹೊಗೆಯಾಡಿತು.

ಕಾರ್ಖಾನೆಯ ಯಜಮಾನ ಹೊಸಮನಿ ಸಾಹೇಬರು ಕಸ್ತೂರಿಯ ಮೇಲೆ ಕೆಂಡವಾದರು. "ಕಣ್ಣು ಎಲ್ಲಿಟ್ಟಿದ್ದಿ?"

"ನಕ್ಷೆದಾಗ ತೋರ್ಸಿದ್ದಿಲ್ರೀ ಸರ."

"ಎಲ್ಲಾರಿಗೂ ಗೊತ್ತಿದ್ದದ್ದನ್ನ ಬ್ಯಾರೆ ತೋರಸಬೇಕೇನು? ನಾಳಿಂದ ಬರಬ್ಯಾಡ."

ಪ್ರಮೀಳಾ ಅಲ್ಲೇ ನಿಂತಿದ್ದಳು. ನಾನು ಅವಳ ಕೈಯಲ್ಲೇ ಇದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅವಳು ಬಾಯಿ ಬಿಡಲಿಲ್ಲ.

ಕಸ್ತೂರಿ ಬುತ್ತಿ ಡಬ್ಬಿ ಎತ್ತಿಕೊಂಡು ನಮ್ಮ ಮೇಜಿನ ಹತ್ತಿರ ಬಂದಳು. ಜಗಳಕ್ಕೇ ಬಂದಳೆಂದುಕೊಂಡೆ.

"ಅಕ್ಕಾರ, ಆ ಕಾಲು ಎಲ್ಲಿ ಇರ್ತಾವಂತ ಒಂದೀಟು ಹೇಳಿಕೊಡ್ರಿ. ಮುಂದ ಎಲ್ಯಾರ ಕೆಲಸ ಸಿಕ್ಕರ ಮತ್ತ ತಪ್ಪಬಾರ್ದಲ್ರೀ."

ಪ್ರಮೀಳಾ ಹೇಳಿಕೊಟ್ಟಳು. ಕಾಗದದ ಮೇಲೆ ಗೀಟು ಹಾಕಿ ನಟ್ಟನಡುವಿನ ಎರಡು ಕಾಲು ತೋರಿಸಿದಳು. ಸಾಹೇಬರ ಕೋಣೆ ಹತ್ತು ಹೆಜ್ಜೆಯೂ ಇರಲಿಲ್ಲ, ಅಲ್ಲಿಗೆ ಮಾತ್ರ ಅವಳು ಹೋಗಲಿಲ್ಲ. ಕಸ್ತೂರಿ "ಉಪಕಾರ ಆತ್ರಿ ಅಕ್ಕಾರ" ಎಂದು ಹೊರಟುಹೋದಳು.

ಅವಳು ಗೇಟು ದಾಟಿದ ಮೇಲೆ ಪ್ರಮೀಳಾ ಬ್ಲೇಡು ಕಾಯಿಸಿ ನನ್ನ ಮೂಲೆಯಲ್ಲೊಂದು ಪುಟ್ಟ ಚೌಕ ಕೊರೆದಳು. ನೋವಾಯಿತು, ಆದರೆ ಬೇಡವೆನ್ನಲು ನನಗೆ ಮುಖವಿರಲಿಲ್ಲ. ಅಂದಿನಿಂದ ಪ್ರತಿ ನಕ್ಷೆಯಲ್ಲೂ ಮೊದಲು ಆ ಚೌಕ, ಅದಕ್ಕೆ ಎರಡು ಕಾಲು, ಆಮೇಲೆ ಮಿಕ್ಕದ್ದು.

ಈಗ ಕಂಪ್ಯೂಟರ್ ಬಂದಿದೆ. ಅದೂ ಆ ಕಾಲುಗಳನ್ನು ಬಚ್ಚಿಡುತ್ತದಂತೆ. ನೆರೆತ ಕೂದಲಿನ ಪ್ರಮೀಳಾ ಅವನ್ನು ಹುಡುಕಿ ಹೊರಗೆಳೆಯುತ್ತಾಳೆ. "ಇದು ಎಲ್ಲಾರಿಗೂ ಗೊತ್ತೈತಲ್ರೀ ಮೇಡಂ?" ಎಂದು ಹೊಸ ಹುಡುಗರು ಕೇಳಿದರೆ, "ಗೊತ್ತಿಲ್ಲದಾಕಿ ಒಬ್ಬಾಕಿ ಇದ್ದಳಪಾ" ಎಂದಷ್ಟೇ ಹೇಳಿ ಮತ್ತೆ ಕೆಲಸಕ್ಕೆ ತಿರುಗುತ್ತಾಳೆ.

ನಾನು ಅವಳ ಮೇಜಿನ ಖಾನೆಯಲ್ಲಿ ಬಿದ್ದಿದ್ದೇನೆ. ಮೈ ಹಳದಿಗಟ್ಟಿದೆ, ಅಂಚು ಮುರಿದಿದೆ. ಕೆಲವೊಮ್ಮೆ ಅವಳು ಖಾನೆ ಎಳೆದು ಆ ಚೌಕದ ಮೇಲೆ ಬೆರಳಾಡಿಸುತ್ತಾಳೆ. ನನಗೆ ಬಾಯಿರಲಿಲ್ಲ. ಅವಳಿಗಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಕಸ್ತೂರಿ ಮಾತ್ರ ಇವತ್ತಿಗೂ ತಪ್ಪು ತನ್ನದೇ ಎಂದುಕೊಂಡಿರಬೇಕು.