ಪೀರಪ್ಪನ ಎರಡನೇ ಡ್ರೆಸ್ಸು

ಪೀರಪ್ಪನನ್ನು ರೈಲು ಕೊಂದಿಲ್ಲ. ಇದನ್ನು ಶಹಾಬಾದಿನ ಪೊಲೀಸರಿಗೂ ಹೇಳಿದ್ದೇನೆ, ಶಹಾಬಾದಿನ ನಾಯಿಗಳಿಗೂ ಹೇಳಿದ್ದೇನೆ. ನಾಯಿಗಳಾದರೂ ಕಿವಿ ನಿಮಿರಿಸಿದವು.

ಅವನು ನನ್ನ ಗೆಳೆಯ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯ ಆಳು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವನ ಹೆಣ ಶಹಾಬಾದಿಗೂ ವಾಡಿಗೂ ನಡುವೆ ರೈಲು ಹಳಿಯ ಮೇಲೆ ಸಿಕ್ಕಿತು. ಮೈಮೇಲೆ ಇಸ್ತ್ರಿ ಮಾಡಿದ ನೀಲಿ ಅಂಗಿ, ಕರಿ ಪ್ಯಾಂಟು. ಪೀರಪ್ಪ ತನ್ನ ಅಕ್ಕನ ಮದುವೆಯಲ್ಲೂ ಇಸ್ತ್ರಿ ಅಂಗಿ ತೊಟ್ಟವನಲ್ಲ. ಖಣಿಯ ಮಾಲಕ ಮಾತ್ರ ಕೈ ಕೊಡವಿಬಿಟ್ಟ. ಅಂಥವನು ತನ್ನಲ್ಲಿ ಕೆಲಸಕ್ಕೇ ಇರಲಿಲ್ಲವಂತೆ, ಕುಡಿದು ಹಳಿ ದಾಟಿರಬೇಕಂತೆ. ಖಣಿಯಲ್ಲಿ ಸತ್ತರೆ ಮಾಲಕ ಉತ್ತರ ಕೊಡಬೇಕು. ಹಳಿಯ ಮೇಲೆ ಸತ್ತರೆ ಸತ್ತವನೇ ಕೊಡಬೇಕು.

ಆದರೆ ಹೆಣದ ಬಟ್ಟೆ ಬದಲಿಸಿ ಹಳಿಯ ಮೇಲೆ ಹಾಕಿದವರು ಒಂದನ್ನು ಬಿಟ್ಟಿದ್ದರು. ಫರ್ಸಿ ಕಲ್ಲು ಪದರು ಪದರಾಗಿ ಏಳುತ್ತದೆ. ಒಬ್ಬ ಉಳಿ ಹಿಡಿಯುತ್ತಾನೆ, ಜೋಡಿಯವನು ಸುತ್ತಿಗೆ ಹೊಡೆಯುತ್ತಾನೆ. ಉಳಿ ಹಿಡಿಯುವವನು ಕಲ್ಲಿನ ಅಂಚು ಕೊಯ್ಯಬಾರದೆಂದು ಎಡಗೈ ಬೆರಳುಗಳಿಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ಉಂಗುರದಂತೆ ಏರಿಸಿಕೊಂಡಿರುತ್ತಾನೆ. ಅದರಲ್ಲೇ ಉಣ್ಣುತ್ತಾನೆ, ಅದರಲ್ಲೇ ಮಲಗುತ್ತಾನೆ. ಖಣಿಯವರ ಕಣ್ಣಿಗೆ ಅದು ತೊಟ್ಟದ್ದಲ್ಲ, ಅದೂ ಬೆರಳೇ. ಅದಕ್ಕೇ ಬನಿಯನ್ ಸುಲಿದವರು, ಚಡ್ಡಿ ಸುಲಿದವರು, ಮೈ ಮೇಲಿನ ಧೂಳನ್ನೂ ತೊಳೆದವರು, ಆ ಉಂಗುರಗಳನ್ನು ಮಾತ್ರ ಹಾಗೇ ಬಿಟ್ಟರು. ಪೊಲೀಸರು 'ಕೈಯಲ್ಲಿ ರಬ್ಬರ್' ಎಂದು ಬರೆದುಕೊಂಡು ಚಹಾ ಕುಡಿಯಲು ಹೋದರು.

ಪೀರಪ್ಪನ ತಾಯಿ ಅಮೃತಮ್ಮ ಪರಿಹಾರಕ್ಕೆ ಅರ್ಜಿ ಹಾಕಿದ್ದಳು. ಸೋಮವಾರ ಚಿತ್ತಾಪುರದ ಕಚೇರಿಯಲ್ಲಿ ವಿಚಾರಣೆ. ಮಗ ಖಣಿಯಲ್ಲೇ ಸತ್ತದ್ದನ್ನು ಕಂಡೆ ಎನ್ನುವ ಒಬ್ಬ ಮನುಷ್ಯ ಬೇಕು, ಇಲ್ಲದಿದ್ದರೆ ಫೈಲು ಮುಚ್ಚುತ್ತೇವೆ ಎಂದಿದ್ದರು. ಕಂಡವನು ಇದ್ದ. ಪೀರಪ್ಪನ ಜೋಡಿ, ಸುತ್ತಿಗೆಯ ನರಸಪ್ಪ. ಅವನ ಮನೆಗೆ ಹೋಗಿ ಹೋಗಿ ನನ್ನ ಚಪ್ಪಲಿ ಸವೆದವು. "ಅವತ್ತು ನಾ ಕೆಲಸಕ್ಕೇ ಹೋಗಿಲ್ಲೋ ಭೀಮ್ಯಾ" ಎನ್ನುತ್ತಿದ್ದ, ಬಾಗಿಲ ಹಿಂದಿನಿಂದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನ ಮಾತು ಕಚೇರಿಯಲ್ಲಿ ನಡೆಯುವುದಿಲ್ಲ, ಮೇಲಾಗಿ ನಾನು ಕಂಡೂ ಇಲ್ಲ. ನನಗೆ ಗೊತ್ತಿರುವುದು ಒಂದೇ, ವಿಡಿಯೋ ಗೇಮು. ಸ್ಟೇಷನ್ ರಸ್ತೆಯಲ್ಲಿ ಮೆಹತಾಬ್ ಭಾಯಿಯ ಗೇಮಿನ ಅಂಗಡಿಯಲ್ಲಿ ಕಂಪ್ಯೂಟರು ನೋಡಿಕೊಳ್ಳುವುದು ನನ್ನ ಕೆಲಸ.

ಫೈಟಿಂಗ್ ಆಟದಲ್ಲಿ ಪ್ರತಿ ಆಳಿಗೂ ಎರಡು ಡ್ರೆಸ್ಸು ಇರುತ್ತವೆ. ಆಳನ್ನು ಆರಿಸುವಾಗ ಗುದ್ದಿನ ಬಟನ್ ಒತ್ತಿದರೆ ಮೊದಲನೆಯದು, ಒದೆಯ ಬಟನ್ ಒತ್ತಿದರೆ ಎರಡನೆಯದು. ಮಂದಿ ಅದನ್ನು ಬರೀ ಬಣ್ಣ ಎಂದುಕೊಳ್ಳುತ್ತಾರೆ. ಅಲ್ಲ. ಆಟ ಮಾಡಿದವರು ಬಾಯಿ ಬಿಟ್ಟು ಹೇಳದ್ದನ್ನು ಎರಡನೇ ಡ್ರೆಸ್ಸಿನಲ್ಲಿ ಇಟ್ಟಿರುತ್ತಾರೆ. ನಾವು ಸಣ್ಣವರಿದ್ದಾಗ ವಾಡಿ ಜಂಕ್ಷನ್ ಹೊರಗೆ ನಾಣ್ಯ ಹಾಕುವ ಮಷೀನೊಂದಿತ್ತು. ಅದರಲ್ಲೊಬ್ಬ ಮುದುಕ ಪೈಲ್ವಾನ, ನಡುವಿಗೆ ಕೆಂಪು ಪಟ್ಟಿ, ಕೊನೆಯ ಆಟದಲ್ಲಿ ಸಾಯುತ್ತಿದ್ದ. ವರ್ಷಗಳ ಮೇಲೆ ಅದೇ ಕಂಪನಿಯ ಹೊಸ ಆಟ ಮೆಹತಾಬ್ ಭಾಯಿಯ ಅಂಗಡಿಗೆ ಬಂತು. ಅದರಲ್ಲೊಬ್ಬಳು ಹುಡುಗಿ. ನಾನು ಒದೆಯ ಬಟನ್ ಒತ್ತಿದೆ. ಅವಳ ನಡುವಿಗೆ ಅದೇ ಕೆಂಪು ಪಟ್ಟಿ ಬಂತು, ಅದೇ ಜಾಗದಲ್ಲಿ ಹರಿದದ್ದು.

"ಲೇ ಪೀರ್ಯಾ, ಇಕಿ ಆ ಮುದುಕನ ಮಗಳಲೇ!" ಎಂದು ಕೂಗಿಬಿಟ್ಟೆ.

"ಹೌದಲ್ಲೋ" ಎಂದ ಪೀರಪ್ಪ. "ಸಾಲ್ಯಾಗ ಇಷ್ಟು ಕಣ್ಣು ತೆರದಿದ್ರ ಇಷ್ಟೊತ್ತಿಗಿ ನೀ ತಹಶೀಲ್ದಾರ ಆಗಿರ್ತಿದ್ದಿ ಮಗನ!"

ಅಂದಿನಿಂದ ನಮಗೆ ಅದೇ ಹುಚ್ಚು. ಸಿಪಾಯಿಯ ಎರಡನೇ ಟೋಪಿಯ ಮೇಲಿನ ಹಕ್ಕಿ ಕಂಪನಿಯ ಹಳೆಯ ಕಾರಿನ ಆಟದ್ದು. ಕಳ್ಳನ ಎರಡನೇ ಅಂಗಿಯ ಗುಂಡಿಗಳು, ಹಿಂದಿನ ಆಟದಲ್ಲಿ ಅವನು ಕೊಂದ ರಾಜನವು. ಗೋಡೆಯಂಥ ಮೈಯ ಒಬ್ಬ ಆಳಿದ್ದ, ನಾವು ಅವನನ್ನು ಗೂಳಿ ಎನ್ನುತ್ತಿದ್ದೆವು. ಅವನ ಎರಡನೇ ಡ್ರೆಸ್ಸಿನಲ್ಲಿ ಮಾತ್ರ ಏನೂ ಇರಲಿಲ್ಲ. ಬರೀ ಹಸಿರು. "ಪಾಪ, ಇವಂಗ ಹಿಂದ ಮುಂದ ಯಾರೂ ಇಲ್ಲ" ಎನ್ನುತ್ತಿದ್ದ ಪೀರಪ್ಪ. ಆಡಿದರೆ ಅವನನ್ನೇ ಆಡುತ್ತಿದ್ದ.

ಡ್ರೆಸ್ಸೆಂದರೆ ಕಂಪ್ಯೂಟರಿನೊಳಗೆ ಒಂದು ಚಿತ್ರ ಅಷ್ಟೇ. ಕುರಿಯ ಚರ್ಮ ಸುಲಿದು ಹಾಸಿದ ಹಾಗೆ ಚಪ್ಪಟೆ ಬಿದ್ದಿರುತ್ತದೆ, ಇಲ್ಲಿ ಎದೆ, ಅಲ್ಲಿ ಬೆನ್ನು, ಮೂಲೆಯಲ್ಲಿ ಬೆರಳುಗಳು. ಅದಕ್ಕೆ ಬಣ್ಣ ಹಚ್ಚಿ ಉಳಿಸಿದರೆ ಆಳು ಅದನ್ನೇ ತೊಟ್ಟು ಬರುತ್ತಾನೆ. ವಿಚಾರಣೆ ಹತ್ತಿರ ಬಂದರೂ ನರಸಪ್ಪ ಬಾಯಿ ಬಿಡದಾಗ ನಾನು ಗೂಳಿಯ ಹಸಿರನ್ನು ಅಳಿಸಿದೆ. ಹರಿದ ಬನಿಯನ್ ಹಾಕಿದೆ, ಮಾಸಿದ ಖಾಕಿ ಚಡ್ಡಿ ಹಾಕಿದೆ. ಮೈತುಂಬ ಕಲ್ಲಿನ ಬಿಳಿ ಧೂಳು, ತಲೆಗೆ ಸುತ್ತಿದ ಕೆಂಪು ಟವೆಲ್ಲು. ಎಡಗೈ ಬೆರಳುಗಳಿಗೆ ಕರಿ ಉಂಗುರಗಳು. ಯಾರ ಹೆಸರನ್ನೂ ಬರೆಯಲಿಲ್ಲ. ಅಂಗಡಿಗೆ ಬರುವವರೆಲ್ಲ ಖಣಿಯ ಮನೆಯವರು, ಹೆಸರು ಬೇಕಾಗಿರಲಿಲ್ಲ.

ಸಂತೆಯ ದಿನ ಖಣಿಗೆ ರಜೆ. ನರಸಪ್ಪ ಆಟಕ್ಕೆ ಬಂದ. ಬಾಗಿಲ ಹಿಂದೆ ಅಡಗುವವನು ಆಟ ಮಾತ್ರ ಬಿಡುತ್ತಿರಲಿಲ್ಲ. ಗೂಳಿಯನ್ನು ಆರಿಸಿ ಗುದ್ದಿನ ಬಟನ್ ಮೇಲೆ ಬೆರಳಿಟ್ಟ. ನಾನು ಹಿಂದಿನಿಂದ ಕೈ ಚಾಚಿ ಒದೆಯದನ್ನು ಒತ್ತಿದೆ.

ಪರದೆಯ ಮೇಲೆ ಪೀರಪ್ಪ ಮುಷ್ಟಿ ಎತ್ತಿ ನಿಂತ. ನರಸಪ್ಪ ಕೀಬೋರ್ಡಿನಿಂದ ಕೈ ಎಳೆದುಕೊಂಡ, ಒಲೆ ಮುಟ್ಟಿದವನ ಹಾಗೆ.

"ಯಾರು ಮಾಡ್ಯಾರಿದು?"

"ಯಾರಂತ ಗುರ್ತು ಸಿಕ್ತಿಲ್ಲೋ?" ಎಂದೆ. "ಹಂಗಾರ ಸೋಮವಾರ ಚಿತ್ತಾಪುರಕ್ಕ ಬಂದು ಗುರ್ತು ಹೇಳು."

"ನನಗೇನೂ ಗೊತ್ತಿಲ್ಲ. ನನಗ ಎರಡು ಹೆಣ್ಣು ಮಕ್ಕಳವ ಭೀಮ್ಯಾ."

"ಅಮೃತಮ್ಮಗ ಒಬ್ನೇ ಮಗ ಇದ್ದ!"

ಅವನು ಹೊರಟುಹೋದ. ಅವನ ಬೆನ್ನಿಗೆ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸುದ್ದಿ ನಿಲ್ಲಲಿಲ್ಲ. ಮಧ್ಯಾಹ್ನವೇ ಖಣಿಯಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ್ ಅಂಬರಾಯ ಮೋಟರ್ ಸೈಕಲ್ ಮೇಲೆ ಬಂದ. ಕೈ ಕಟ್ಟಿಕೊಂಡು ಪರದೆ ನೋಡಿದ. ಅವನು ನನ್ನ ಜೊತೆ ಮಾತಾಡಲಿಲ್ಲ, ನಾನು ಅಷ್ಟು ದೊಡ್ಡವನಲ್ಲ.

"ಮೆಹತಾಬ್ ಭಾಯ್, ಈ ಅಂಗಡಿ ಜಾಗಾ ಯಾರ್ದು?"

"ಮಾಲಕರ ತಮ್ಮಂದ್ರಿ."

"ನೆನಪದ ಅಲಾ? ಸಂಜಿಕ ಬರ್ತೀನಿ. ಇದು ಇರಬಾರ್ದು. ಇದಿದ್ರ ನೀವಿರಲ್ಲ."

ಅವನು ಹೋದ ಮೇಲೆ ಮೆಹತಾಬ್ ಭಾಯ್ ನನ್ನ ಎರಡೂ ಕೈ ಹಿಡಿದುಕೊಂಡ. "ಬೇಟಾ, ಖುದಾ ಕೆ ವಾಸ್ತೆ ತೆಗಿ. ಗೊಂಬಿ ಸಾಕ್ಷಿ ಹೇಳ್ತದೇನು? ನಮ್ಮಕ್ಕ ಆಶಾಬಿನೂ ಈ ಅಂಗಡಿ ಮ್ಯಾಲೇ ಉಣ್ಣಾಕತ್ತಾಳ."

ತೆಗೆಯುವುದು ಅವನಿಗೆ ಗೊತ್ತಿರಲಿಲ್ಲ, ನನಗೆ ಮಾತ್ರ ಗೊತ್ತಿತ್ತು. ನಾನು ತೆಗೆಯಲಿಲ್ಲ. ತೆಗೆಯದೆ ಏನಾಗುತ್ತದೆ ಎಂಬುದೂ ತಿಳಿದಿರಲಿಲ್ಲ. ನರಸಪ್ಪ ಓಡಿಹೋಗಿದ್ದ, ಸೋಮವಾರ ಹತ್ತಿರ ಬಂದಿತ್ತು. ಎದೆಯೊಳಗೆ ಸುಣ್ಣದ ಭಟ್ಟಿ ಉರಿಯುತ್ತಿತ್ತು, ಬೇಯಿಸಲು ಒಂದು ಹಿಡಿ ಕಲ್ಲೂ ಇರಲಿಲ್ಲ.

ಸಂಜೆಗೆ ಮೊದಲು ಅಮೃತಮ್ಮ ಬಂದಳು. ನಳದ ಹತ್ತಿರ ಯಾರೋ ಹೆಂಗಸು ಹೇಳಿದ್ದಳಂತೆ, ನಿನ್ನ ಮಗ ಮೆಹತಾಬನ ಟಿವಿಯಲ್ಲಿ ಬಂದಾನ ಎಂದು. ಸೆರಗು ತಲೆಯ ಮೇಲೆಳೆದುಕೊಂಡು ಹೊಸ್ತಿಲಲ್ಲಿ ನಿಂತಳು. ಒಳಗೆ ಹುಡುಗರು ಆಡುತ್ತಿದ್ದರು. ಪೀರಪ್ಪನ ಬನಿಯನ್ ತೊಟ್ಟವನನ್ನು ಸಿಪಾಯಿ ಮೂಲೆಗೆ ಒತ್ತಿ ಹೊಡೆಯುತ್ತಿದ್ದ. ಬಿದ್ದ. ಎದ್ದ. ಮತ್ತೆ ಹೊಡೆತ. ಮುಖ ಗೂಳಿಯದೇ. ಆದರೂ ಅವಳು ನೋಡಿದ್ದು ಮುಖವನ್ನಲ್ಲ.

"ಹೊಡಿಬ್ಯಾಡ್ರೋ ಯಪ್ಪಾ" ಎಂದಳು. "ಹೊಡಿಬ್ಯಾಡ್ರಿ ಅಂವಗ."

ಹುಡುಗರು ಕೈ ತೆಗೆದರು. ಅವನನ್ನು ಹೊಡೆಯಲೆಂದೇ ನಿಲ್ಲಿಸಿದವನು ನಾನು. ಯಾರೂ ಬಟನ್ ಒತ್ತದಿದ್ದರೆ ಆಟದ ಆಳುಗಳು ಸುಮ್ಮನೆ ನಿಂತಿರುತ್ತಾರೆ. ಎದೆ ಏರುತ್ತದೆ, ಇಳಿಯುತ್ತದೆ, ಉಸಿರಾಡುವವರ ಹಾಗೆ. ಹೊತ್ತು ಮುಗಿದು ಆಟ ನಿಲ್ಲದಿರಲೆಂದು ನಾನು ಆಟದ ಗಡಿಯಾರ ಬಂದ್ ಮಾಡಿದೆ. ಅಮೃತಮ್ಮ ಬೆಂಚಿನ ಮೇಲೆ ಕುಳಿತಳು.

"ಅಂವಗ ಕುಂದ್ರಾಕ ಬರಂಗಿಲ್ಲೇನೋ ಭೀಮ್ಯಾ?"

"ಇದ್ರಾಗ ಕುಂದ್ರೋದು ಇಲ್ಲಬೇ ಯವ್ವಾ."

"ಮುಂಜಾನಿಂದ ನಿಂತಾನ ಏನು?"

ಅವಳು ಎದ್ದು ಪರದೆಯ ಹತ್ತಿರ ಹೋಗಿ ಬೆರಳುಗಳನ್ನು ನೋಡಿದಳು. "ಇವು ನಾನೇ ಕತ್ತರಿಸಿ ಕೊಟ್ಟಿದ್ದೆ" ಎಂದಳು, ಯಾರಿಗೆ ಹೇಳಿದಳೋ.

ಆಗ ಬಾಗಿಲಲ್ಲಿ ನೆರಳು ಬಿತ್ತು. ಅಂಬರಾಯ ಎಂದುಕೊಂಡು ನಾನು ಸ್ಟೂಲು ಎತ್ತಿದೆ. ನರಸಪ್ಪ. ಕೆಲಸದ ಬಟ್ಟೆಯಲ್ಲಿರಲಿಲ್ಲ, ಆದರೆ ಖಣಿಯಿಂದ ಈಗಷ್ಟೇ ಎದ್ದು ಬಂದವನ ಹಾಗೆ ಬಿಳಚಿಕೊಂಡಿದ್ದ. ಡ್ರೆಸ್ಸು ತೆಗೆದಾರೋ ಇಲ್ಲೋ ನೋಡಲು ಬಂದಿದ್ದನೆಂದು ಕಾಣುತ್ತದೆ. ಅಮೃತಮ್ಮ ಇರುವುದು ಅವನಿಗೆ ಗೊತ್ತಿರಲಿಲ್ಲ. ತಿರುಗಿ ಹೊರಟ.

"ನರಸಪ್ಪಾ" ಎಂದಳು ಅವಳು. "ಕಚೇರಿ ವಿಷಯ ಬ್ಯಾಡ. ನನಗಷ್ಟ ಹೇಳು. ನೀರು ಬೇಡಿದ್ನೇನು ಅಂವ?"

ನರಸಪ್ಪ ಚೌಕಟ್ಟು ಹಿಡಿದು ನಿಂತ. ಅಂಗಡಿಯ ತುಂಬ ಖಣಿಯ ಮನೆಯ ಹುಡುಗರು, ಒಬ್ಬರೂ ಕದಲಲಿಲ್ಲ.

"ಕುಡದ ಯವ್ವಾ" ಎಂದ. "ನಾನೇ ಕುಡಿಸ್ದೆ. ಮ್ಯಾಲಿನ ಪದರು ಜಾರಿ ಬಿತ್ತು, ನಡುತನಕ ಒಳಗಿದ್ದ. ಎಳೀರಿ ಅಂದ. ಎಳದ್ವಿ. ಮುಕಾದಮ್ ಮಾಲಕರಿಗಿ ಫೋನ್ ಹಚ್ಚಿದ್ರು. ಮಾಲಕರು ಬರೋತನ ಯಾರೂ ಮುಟ್ಟಬ್ಯಾಡ್ರಿ ಅಂದ್ರು. ಬಿಸಿಲಾಗ ಹಂಗೇ ಮಲಗಿಸಿದ್ವಿ. ಜೀಪು ಬಂತು. ದವಾಖಾನಿಗಿ ಅಂದ್ಕೊಂಡ್ವಿ ಎಲ್ಲಾರೂ."

"ಜೀಪಿನಾಗ ಹಾಕಾಗ ಉಸುರಿತ್ತೇನು?"

ಪರದೆಯ ಮೇಲೆ ಬನಿಯನ್ ಏರುತ್ತಿತ್ತು, ಇಳಿಯುತ್ತಿತ್ತು.

"ನಾ ಮುಟ್ಟಿ ನೋಡ್ಲಿಲ್ಲ ಯವ್ವಾ."

ಅಮೃತಮ್ಮ ಅಳಲಿಲ್ಲ. ಅಳು ಬಂದದ್ದು ನನಗೆ, ಅದು ಸಿಟ್ಟಾಗಿ ಬಂತು. ಹೋಗಿ ನರಸಪ್ಪನ ಕೊರಳಪಟ್ಟಿ ಹಿಡಿದೆ. "ಇದನ್ನೇ ಸೋಮವಾರ ಹೇಳಲೇ! ಇಷ್ಟೇ! ಇದನ್ನೇ!"

"ಬರಂಗಿಲ್ಲ" ಎಂದ, ನನ್ನ ಕೈ ಬಿಡಿಸಿಕೊಳ್ಳದೆ. "ಹೊಡಿ ಬೇಕಾರ. ಚಿತ್ತಾಪುರಕ್ಕ ನಾ ಬರಂಗಿಲ್ಲ. ನಾಳಿ ಅದೇ ಖಣ್ಯಾಗ ಇಳೀಬೇಕು ನಾ."

"ಬಿಡು ಅಂವಗ" ಎಂದಳು ಅಮೃತಮ್ಮ. "ನನಗ ಹೇಳ್ಯಾನ."

ನಿನಗೆ ಹೇಳಿದರೆ ಏನಾಯಿತು, ನಿನ್ನ ಮಾತು ಯಾವ ಫೈಲಿನೊಳಗೆ ಹೋಗುತ್ತದೆ ಎಂದು ಕೂಗಬೇಕೆನಿಸಿತು. ಕೈ ಬಿಟ್ಟೆ.

ನರಸಪ್ಪ ಹೋಗಲಿಲ್ಲ. ಪರದೆಯನ್ನೇ ನೋಡುತ್ತಿದ್ದ. ಆಮೇಲೆ, ಕಲ್ಲಿನಲ್ಲಿ ಒಂದು ತಪ್ಪು ಕಂಡವನ ಹಾಗೆ, "ಟವೆಲ್ ಇರ್ಲಿಲ್ಲ" ಎಂದ.

"ಏನು?"

"ತಲಿಗಿ ಟವೆಲ್ ಇರ್ಲಿಲ್ಲ ಅವತ್ತು. ಸೆಕಿ ಭಾಳ ಅಂತ ನಾ ಇಸ್ಕೊಂಡಿದ್ದೆ. ನನ್ನ ಮನ್ಯಾಗದ. ಒಗ್ಯಾಕಾಗವಲ್ದು, ಬಿಸಾಕಾಕಾಗವಲ್ದು."

"ಹಂಗಾರ ತಗಿ ಭೀಮ್ಯಾ" ಎಂದಳು ಅಮೃತಮ್ಮ. "ಖರೇನೇ ಇರಲಿ."

ಹೊರಗೆ ಮೋಟರ್ ಸೈಕಲಿನ ಸದ್ದು ಕೇಳಿತು. ಮೆಹತಾಬ್ ಭಾಯ್ ನನ್ನನ್ನು ನೋಡಿದ, ಮುದುಕಿಯನ್ನು ನೋಡಿದ, ಎದ್ದು ಹೋಗಿ ಶಟರ್ ಎಳೆದು ಒಳಗಿನಿಂದ ಚಿಲಕ ಹಾಕಿದ. "ಜಲ್ದಿ ಮಾಡು" ಎಂದ, ನನ್ನ ಕಡೆ ತಿರುಗದೆ.

ನಾನು ಚಪ್ಪಟೆ ಚಿತ್ರವನ್ನು ತೆರೆದೆ. ಕೆಂಪನ್ನು ಅಳಿಸಿದೆ. ಅಳಿಸಿದ ಮೇಲೆ ಗೊತ್ತಾಯಿತು, ಅದರ ಕೆಳಗೆ ನಾನು ಏನೂ ಬರೆದಿರಲಿಲ್ಲ. ಬೋಳು ತಲೆ. ಅಮೃತಮ್ಮ ಹೇಳತೊಡಗಿದಳು, ಬೈತಲೆ ಬಲಕ್ಕಿತ್ತು, ಕೂದಲು ದಟ್ಟ, ಕಿವಿಯ ಮೇಲೆ ಸುಳಿ. ನಾನು ಕರಿ ಬಣ್ಣ ತೆಗೆದುಕೊಂಡೆ.

"ಕರಿ ಅಲ್ಲ" ಎಂದ ನರಸಪ್ಪ. "ಅವತ್ತು ಧೂಳಿಗಿ ಬೆಳ್ಳಗಾಗಿತ್ತು. ಮುದುಕನ ಗತೆ ಕಾಣ್ತಿದ್ದ." ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕುಳಿತ. ಶಟರ್ ಮೇಲೆ ಹೊಡೆತ ಬಿತ್ತು, "ಮೆಹತಾಬ್!" ಎಂದು ಅಂಬರಾಯನ ದನಿ. ನರಸಪ್ಪನ ಭುಜ ಜಿಗಿದದ್ದು ನನ್ನ ಭುಜಕ್ಕೆ ತಗುಲಿತು. ಆದರೂ ಅವನು ಎದ್ದೇಳಲಿಲ್ಲ. ಸುತ್ತಿಗೆ ಹಿಡಿದು ಜಡ್ಡುಗಟ್ಟಿದ ಬೆರಳನ್ನು ಪರದೆಯ ಮೇಲೆ ಇಟ್ಟ.

"ಇಲ್ಲಿ ಪೆಟ್ಟಾಗಿತ್ತು" ಎಂದ. "ಎಡಗಿವಿ ಮ್ಯಾಲ. ಇನ್ನೊಂಚೂರು ಹಿಂದಕ."

ಅಮೃತಮ್ಮ ನೋಡಲು ಬಗ್ಗಿದಳು. ಶಟರ್ ಮತ್ತೆ ಅಲುಗಾಡಿತು. ನಾನು ಬಣ್ಣ ಹಚ್ಚುತ್ತಲೇ ಇದ್ದೆ.